ಮನೆಯ ಸಂಡಾಸದ ಕೆಲಸಕ್ಕೆ ನಮ್ಮದೇ ಕೈ

ಮನೆ ಕಟ್ಟಿಸುವಾಗ ನಾವು ವ್ಯಾಪಾರಸ್ಥರು ದೇವರ ಕೋಣೆ ಎಲ್ಲಿರಬೇಕು, ತಿಜೋರಿ ಯಾವ ದಿಕ್ಕಿಗಿರಬೇಕು ಎಂದು ಹತ್ತು ಜನರನ್ನು ಕೇಳುತ್ತೇವೆ. ಸಂಡಾಸದ ವಿಷಯ ಬಂದರೆ ಮಾತ್ರ ಗವಂಡಿ ಹೇಳಿದ್ದೇ ಅಂತಿಮ. ಮುಂದೆ ಅದು ಕೆಟ್ಟಾಗ, ಮನೆಯಲ್ಲಿ ವಯಸ್ಸಾದವರು ಇದ್ದಾಗ, ಆ ಚಿಕ್ಕ ಕೋಣೆಯೇ ಮನೆಯ ದೊಡ್ಡ ಚಿಂತೆಯಾಗುತ್ತದೆ.

ನಮ್ಮ ಡಫಳಾಪುರದ ಮನೆಯಲ್ಲೂ ಹೀಗೇ ಆಯಿತು. ತಾಯಿಯವರಿಗೆ ಎಂಬತ್ತು ದಾಟಿದೆ, ಮೊಣಕಾಲು ಮಡಚಲು ಬರುವುದಿಲ್ಲ. ಅವರಿಗಾಗಿ ಕೂಡ್ರಿಸಿದ್ದ ಕಮೋಡಿನ ಬುಡ ಸೀಳಿ ಅಲುಗಾಡತೊಡಗಿತು. ಈ ವಯಸ್ಸಿನಲ್ಲಿ ಒಮ್ಮೆ ಬಿದ್ದು ತೊಡೆಯ ಎಲುಬು ಮುರಿದರೆ ಮತ್ತೆ ಏಳುವುದು ಕಷ್ಟ. ನಳದ ಕೆಲಸದವರೊಬ್ಬರು 'ನಾಳೆ ಬರುತ್ತೇನೆ' ಎನ್ನುತ್ತ ಎಂಟು ದಿನ ದಾಟಿಸಿದರು. ಕೊನೆಗೆ ನಾವೂ ನಮ್ಮ ಮಗನೂ ಅಂಗಡಿಗೆ ಬಿಡುವಿದ್ದ ದಿನ ಕೈಹಾಕಿದೆವು. ತಾಯಿಯವರು, 'ಇದೇನೋ ತಮ್ಮಾ, ಈ ಕೆಲಸಾ ನೀ ಮಾಡೂದಾ?' ಎಂದರು. ಆ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುವಂಥದು. ಆದ್ದರಿಂದಲೇ ಈ ಲೇಖನ.

ಕೊಳ್ಳುವ ಮೊದಲು ಅಳತೆ

ಮಾಲು ಕೊಳ್ಳುವ ಮುಂಚೆ ಅಳತೆ ನೋಡುವುದು ನಮಗೇನೂ ಹೊಸದಲ್ಲ. ಕಮೋಡುಗಳಲ್ಲಿ ಎರಡು ಬಗೆ. ಒಂದರ ಹೊಲಸು ಹೋಗುವ ಬಾಯಿ ಗೋಡೆಯ ಕಡೆಗಿರುತ್ತದೆ, ಇನ್ನೊಂದರದು ನೆಲದ ಕಡೆಗೆ. ಅಂಗಡಿಯವರು ಇವನ್ನು ಪಿ ಟ್ರ್ಯಾಪ್, ಎಸ್ ಟ್ರ್ಯಾಪ್ ಎನ್ನುತ್ತಾರೆ. ನೆಲದ ಪೈಪು ಇದ್ದರೆ ಗೋಡೆಯಿಂದ ಪೈಪಿನ ನಡುಮಧ್ಯದವರೆಗೆ ಎಷ್ಟು ಇಂಚು ಎಂದು ಅಳೆಯಬೇಕು. ಗೋಡೆಯ ಪೈಪು ಇದ್ದರೆ ನೆಲದಿಂದ ಎಷ್ಟು ಎತ್ತರ ಎಂದು ನೋಡಬೇಕು. ಈ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು. ಕೂತು ಬಳಸುವ ದೇಶೀ ಪ್ಯಾನ್ ಮಾತ್ರ ಫರಸಿಯೊಳಗೆ ಹೂತಿರುತ್ತದೆ. ಅದನ್ನು ಒಡೆದು ತೆಗೆಯಲು ಗವಂಡಿಯೇ ಬೇಕು.

ಕೆಲಸದ ಕ್ರಮ

ಮೊದಲು ನೀರಿನ ಕಾಕ್ ಬಂದ್ ಮಾಡಿ, ಒಮ್ಮೆ ಫ್ಲಶ್ ಮಾಡಿ, ತೊಟ್ಟಿಯಲ್ಲೂ ಕಮೋಡಿನಲ್ಲೂ ಉಳಿದ ನೀರನ್ನು ಅರಿವೆಯಿಂದ ಹೀರಿ ತೆಗೆಯಬೇಕು. ಕೈಗೆ ರಬ್ಬರಿನ ಗವಸು ಇರಲಿ. ನೀರಿನ ನಳಿಕೆ ಬಿಚ್ಚಿ, ಬುಡದ ಸುತ್ತಲಿನ ಬಿಳಿ ಸಿಮೆಂಟ್ ಕೆತ್ತಿ, ಸ್ಕ್ರೂ ತೆಗೆದು, ಇಬ್ಬರು ಕೂಡಿ ಮೆಲ್ಲಗೆ ಅಲುಗಿಸಿ ಎತ್ತಬೇಕು. ಕೂಡಲೇ ಪೈಪಿನ ಬಾಯಿಗೆ ಹಳೆಯ ಅರಿವೆ ತುರುಕಬೇಕು. ಇಲ್ಲವಾದರೆ ಹೊಲಸು ಗಾಳಿ ಒಳಬರುತ್ತದೆ, ಸ್ಕ್ರೂ, ಚೂರು ಒಳಗೆ ಬೀಳುತ್ತವೆ.

ಹೊಸದನ್ನು ಮೊದಲು ಬರಿದೇ ಇಟ್ಟು ನೋಡಿ, ರಂಧ್ರಗಳ ಗುರುತು ಹಾಕಿ, ಫರಸಿಗೆ ರಂಧ್ರ ಕೊರೆದು ಪ್ಲಾಸ್ಟಿಕ್ ಗಟ್ಟ ಹಾಕಬೇಕು. ಪೈಪಿನ ಬಾಯಿಯಲ್ಲಿಟ್ಟ ಅರಿವೆಯನ್ನು ಮರೆಯದೆ ತೆಗೆದು, ರಬ್ಬರ್ ಕಾಲರ್ ಹಾಕಿ ಕೂಡ್ರಿಸಬೇಕು. ರಸಮಟ್ಟ ಇಟ್ಟು ನೋಡಿ, ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬಲ ಹೆಚ್ಚಾದರೆ ಪಿಂಗಾಣಿ ಸೀಳುತ್ತದೆ. ನಾಲ್ಕೈದು ಸಲ ನೀರು ಬಿಟ್ಟು, ಬುಡ ಒಣಗಿಯೇ ಇದೆಯೆಂದು ಖಾತ್ರಿಯಾದ ಮೇಲೆ ಸುತ್ತ ಬಿಳಿ ಸಿಮೆಂಟ್ ಹಚ್ಚಬೇಕು. ಹಿಂಭಾಗದಲ್ಲಿ ಎರಡು ಬೆರಳಷ್ಟು ಜಾಗ ಬಿಟ್ಟರೆ, ಮುಂದೆ ಎಂದಾದರೂ ಸೋರಿದರೆ ಕಣ್ಣಿಗೆ ಬೀಳುತ್ತದೆ. ಮುದುಕರಿರುವ ಮನೆಯಲ್ಲಿ ಪಕ್ಕದ ಗೋಡೆಗೆ ಒಂದು ಗಟ್ಟಿ ಹಿಡಿಕೆಯನ್ನೂ ಅದೇ ದಿನ ಹಾಕಿಬಿಡುವುದು ಲೇಸು.

ನೀರಿನ ಬೀಗ, ನೀರಿನ ಲೆಕ್ಕ

ಕಮೋಡಿನ ತಳದಲ್ಲಿ ಸದಾ ನಿಲ್ಲುವ ನೀರು ವ್ಯರ್ಥವಲ್ಲ. ಅದು ದುರ್ವಾಸನೆಗೆ ಹಾಕಿದ ಬೀಗ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್ ಎಂಬವರು 1775ರಲ್ಲಿ ಈ ಬಾಗಿದ ಕೊಳವೆಗೆ ಪೇಟೆಂಟ್ ಪಡೆದರು. ಆ ತತ್ವ ಇಂದಿಗೂ ಬದಲಾಗಿಲ್ಲ.

ಜತ್ತ ತಾಲ್ಲೂಕು ಬರದ ಸೀಮೆ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವುದು ನಮಗೆ ಗೊತ್ತು. ಹಳೆಯ ತೊಟ್ಟಿಗಳು ಒಂದು ಸಲಕ್ಕೆ 10 ಲೀಟರಿನಷ್ಟು ನೀರು ಸುರಿಯುತ್ತವೆ. ಈಗ ಎರಡು ಗುಂಡಿಯ ತೊಟ್ಟಿ ಸಿಗುತ್ತದೆ; ಸಣ್ಣದಕ್ಕೆ 3, ದೊಡ್ಡದಕ್ಕೆ 6 ಲೀಟರ್ ಸಾಕು. ಹಳ್ಳಿಗಳಿಗೆಂದೇ ಮಾಡಿದ ಕಡಿದಾದ ಇಳಿಜಾರಿನ ಪ್ಯಾನಿಗಾದರೆ ಒಂದೂವರೆ ಎರಡು ಲೀಟರ್ ಸಾಕು. ತೊಟ್ಟಿ ಒಳಗೇ ಸೋರುತ್ತಿದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ: ಬಟ್ಟೆಗೆ ಹಾಕುವ ನೀಲಿಯನ್ನು ತೊಟ್ಟಿಗೆ ನಾಲ್ಕು ಹನಿ ಬಿಟ್ಟು ಅರ್ಧ ತಾಸು ಕಾಯಿರಿ. ಫ್ಲಶ್ ಮಾಡದೆಯೂ ಕೆಳಗೆ ನೀಲಿ ಕಂಡರೆ ರಬ್ಬರ್ ಬದಲಿಸಿರಿ. ನೀರನ್ನು ಗಾಳಿಸಿ ಕುಡಿಯುವ ಮನೆತನಗಳಲ್ಲಿ ನೀರು ಹಗಲಿರುಳು ಸೋರಿಹೋಗುವುದು ಶೋಭಿಸದು.

ಗುಂಡಿಗೆ ಯಾರೂ ಇಳಿಯಬಾರದು

ನಮ್ಮ ಕೈಕೆಲಸಕ್ಕೆ ಒಂದು ಗಡಿ ಉಂಟು: ಫರಸಿಯ ಮೇಲಿನದು ನಮ್ಮದು, ಸೆಪ್ಟಿಕ್ ಟ್ಯಾಂಕಿನ ಒಳಗಿನದು ಯಾರದೂ ಅಲ್ಲ. ಅಲ್ಲಿ ಕೂಡಿರುವ ವಿಷವಾಯು ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಬಿದ್ದವನನ್ನು ಎತ್ತಲು ಇಳಿದ ಎರಡನೆಯವನೂ ಹೋಗುತ್ತಾನೆ. ಟ್ಯಾಂಕ್ ತುಂಬಿದರೆ ಹೀರುವ ಯಂತ್ರದ ಗಾಡಿಯನ್ನೇ ಕರೆಸಬೇಕು. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ನಾಲ್ಕು ಕಾಸು ಉಳಿಸಲು ಒಬ್ಬ ಬಡವನ ಜೀವವನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಕೀಳು ಕೆಲಸ ಯಾವುದು?

'ಇದು ನಮ್ಮ ಕೆಲಸವೇ?' ಎಂಬ ಪ್ರಶ್ನೆಗೆ ನಮ್ಮ ಮಹಾರಾಷ್ಟ್ರದಲ್ಲೇ ಉತ್ತರ ಸಿಕ್ಕಿದೆ. ಕೊಂಕಣದ ಗಾಂಧಿ ಎನಿಸಿದ ಅಪ್ಪಾಸಾಹೇಬ ಪಟವರ್ಧನರು ರತ್ನಾಗಿರಿ ಜೇಲಿನಲ್ಲಿದ್ದಾಗ, ಸಂಡಾಸ ಸ್ವಚ್ಛ ಮಾಡುವ ಕೆಲಸ ತಮಗೇ ಕೊಡಿರೆಂದು ಹಟ ಹಿಡಿದರು. ಮೇಲ್ಜಾತಿಯವರಿಗೆ ಆ ಕೆಲಸ ಕೊಡಲು ಸರಕಾರ ಒಪ್ಪಲಿಲ್ಲ. 1932ರ ಡಿಸೆಂಬರಿನಲ್ಲಿ ಯರವಡಾ ಜೇಲಿನಲ್ಲಿದ್ದ ಗಾಂಧೀಜಿ ಅವರ ಪರವಾಗಿ ಉಪವಾಸ ಹೂಡಿದರು. ಇತ್ತ ಕರ್ನಾಟಕದಲ್ಲಿ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ನಿಲ್ಲಿಸಲು ಹೊರಟವರು ಸಚಿವ ಬಿ. ಬಸವಲಿಂಗಪ್ಪನವರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ.

ಅಷ್ಟು ದೊಡ್ಡವರ ಮಾತು ಬೇಡವೆಂದರೂ, ಮನೆಯ ಹಿರಿಯರು ಭಯವಿಲ್ಲದೆ ಕೂತು ಏಳುವಂತೆ ಮಾಡುವುದು ಮಕ್ಕಳ ಕೆಲಸವೇ ತಾನೇ? ಕೈಯ ಹೊಲಸು ಸಾಬೂನಿನಿಂದ ಹೋಗುತ್ತದೆ. ಆದ್ದರಿಂದ ಓದುಗ ಬಂಧುಗಳೇ, ಮುಂದಿನ ಬಿಡುವಿನ ದಿನ ನಿಮ್ಮ ಮನೆಯ ಕಮೋಡನ್ನು ಎರಡೂ ಕೈಯಿಂದ ಹಿಡಿದು ಒಮ್ಮೆ ಅಲುಗಿಸಿ ನೋಡಿರಿ. ಅಲುಗಾಡಿದರೆ ಪಾನಾ ಕೈಗೆ ತೆಗೆದುಕೊಳ್ಳಿರಿ. ಮಗನನ್ನೂ ಪಕ್ಕಕ್ಕೆ ಕರೆದುಕೊಳ್ಳಿರಿ. ಅವನೂ ಕಲಿಯಲಿ.