ನವಾಯತಿ ಕಲಬೆರಕೆ ಭಾಷೆಯೇ?

ಭಟ್ಕಳದ ಪೇಟೆಯಲ್ಲಿ ಅಲ್ಲಿನ ನವಾಯತ ಮುಸ್ಲಿಮರ ಮನೆಮಾತಾದ ನವಾಯತಿ ಕಿವಿಗೆ ಬಿದ್ದ ಹೊರಗಿನವರು ಅದಕ್ಕೆ ಬೇಗನೆ ಒಂದು ಹೆಸರಿಡುತ್ತಾರೆ: ಕಲಬೆರಕೆ. ಆ ಮಾತು ಆಡುವವರಿಗೆ ಇದು ನೋವಿನ ವಿಷಯ. ಭಾಷೆಯ ಲೆಕ್ಕದಲ್ಲೂ ಅದು ತಪ್ಪು.

ತಪ್ಪು ಕಲ್ಪನೆ: ಅರಬ್ಬಿ ಪದಗಳು ಇಷ್ಟಿರುವುದರಿಂದ ನವಾಯತಿ ಅರಬ್ಬಿ, ಕೊಂಕಣಿ ಬೆರೆತು ಹುಟ್ಟಿದ ಹೊಸ ಭಾಷೆ, ಅಂದರೆ ಕ್ರಿಯೋಲ್.

ವಾಸ್ತವ: ಮೊದಲು ಕನ್ನಡದ್ದೇ ಒಂದು ವಾಕ್ಯ ನೋಡಿ: 'ವಕೀಲರು ತಾಲ್ಲೂಕಿನ ತಹಶೀಲ್ದಾರರಿಗೆ ಅರ್ಜಿ ಕೊಟ್ಟರು.' ಕುಮಟಾದಲ್ಲೂ ಹೊನ್ನಾವರದಲ್ಲೂ ದಿನಾ ಕೇಳುವಂಥ ವಾಕ್ಯ. ಇದರ ನಾಲ್ಕೂ ನಾಮಪದಗಳ ಬೇರು ಅರಬ್ಬಿಯಲ್ಲಿದೆ. ಆದರೂ ಇದು ಕನ್ನಡವೇ, ಏಕೆಂದರೆ 'ಇನ', 'ಇಗೆ', 'ಕೊಟ್ಟರು' ಕನ್ನಡದವು. ವ್ಯಾಪಾರ, ಕಚೇರಿ, ಧರ್ಮದ ಜೊತೆ ನಾಮಪದಗಳು ಸಲೀಸಾಗಿ ಬರುತ್ತವೆ. ವಿಭಕ್ತಿ ಪ್ರತ್ಯಯ, ಕ್ರಿಯಾಪದದ ರೂಪ, ಎಣಿಕೆಯ ಪದಗಳು ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ನವಾಯತಿಯಲ್ಲಿ ಇವು ಕೊಂಕಣಿಯ ಬಳುವಳಿ. ತಮ್ಮ ಹಿರಿಯರು ಅರಬ್ ವರ್ತಕರೆಂದು ನವಾಯತರು ಹೇಳುತ್ತಾರೆ. ಅವರ ಮನೆಮಾತು ಮಾತ್ರ ಈ ಕರಾವಳಿಯದು.

ತಪ್ಪು ಕಲ್ಪನೆ: ಧಾರ್ಮಿಕ ಪದಗಳಾದರೂ ನೇರ ಅರಬ್ಬಿಯಿಂದಲೇ ಬಂದಿರಬೇಕು.

ವಾಸ್ತವ: ಎಲ್ಲವೂ ಅಲ್ಲ. 'ನಮಾಜು', 'ರೋಜಾ' ಪಾರ್ಸಿ ಪದಗಳು. ಅರಬ್ಬಿಯಲ್ಲಿ ಅವು 'ಸಲಾತ್', 'ಸೌಮ್'.

ತಪ್ಪು ಕಲ್ಪನೆ: ಕ್ರಿಯೋಲ್ ಎಂದರೆ ದೊಡ್ಡ ಭಾಷೆಯೊಂದನ್ನು ಕೆಡಿಸಿ ಆಡಿದ್ದು.

ವಾಸ್ತವ: ಪರಸ್ಪರ ಭಾಷೆ ತಿಳಿಯದವರು ವ್ಯವಹಾರಕ್ಕೆಂದು ಕಟ್ಟಿಕೊಂಡ ಕಿರುಭಾಷೆ ಪಿಜಿನ್, ಅದು ಯಾರ ತಾಯ್ನುಡಿಯೂ ಅಲ್ಲ. ಕ್ರಿಯೋಲ್ ಮಕ್ಕಳು ಮನೆಯಲ್ಲಿ ಕಲಿತು ಬೆಳೆಯುವ ಪೂರ್ಣ ಭಾಷೆ. ಸಾಮಾನ್ಯವಾಗಿ ಅಧಿಕಾರ ಇದ್ದವರ ಭಾಷೆಯೇ ಅದಕ್ಕೆ ಹೆಚ್ಚಿನ ಪದಗಳನ್ನು ಕೊಡುತ್ತದೆ, ವ್ಯಾಕರಣ ಬೇರೆ ದಾರಿ ಹಿಡಿಯುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲೇ, ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕೊರ್ಲೈ ಗ್ರಾಮದಲ್ಲಿ ಅಂಥದೊಂದು ಇದೆ. 1740ರಲ್ಲಿ ಅದರ ಪಕ್ಕದ ಪೋರ್ಚುಗೀಸ್ ನೆಲೆ ಚೌಲ್ ಮರಾಠರ ಪಾಲಾಗಿ ಪೋರ್ಚುಗೀಸರು ಹೊರಟರೂ ಅಲ್ಲಿನ ಕ್ರೈಸ್ತರು ಆ ಮಾತನ್ನು ಬಿಡಲಿಲ್ಲ. ಪದಗಳು ಬಹುಪಾಲು ಪೋರ್ಚುಗೀಸ್. ಕ್ರಿಯಾಪದ ಮಾತ್ರ ಮರಾಠಿಯಂತೆ ವಾಕ್ಯದ ಕೊನೆಗೆ. ಅವರು ಅದನ್ನು 'ನೌ ಲಿಂಗ್', ಅಂದರೆ ನಮ್ಮ ಭಾಷೆ ಎನ್ನುತ್ತಾರೆ. ಪೋರ್ಚುಗೀಸರು 1569ರಲ್ಲಿ ಹೊನ್ನಾವರದ ಕೋಟೆಯನ್ನೂ ಹಿಡಿದಿದ್ದರು. ಆದರೆ ಇಲ್ಲಿ ಕ್ರಿಯೋಲ್ ಉಳಿಯಲಿಲ್ಲ; ಅವರ ಭಾಷೆಯಿಂದ ನಮ್ಮ ಬಾಯಿಗೆ ಬಂದು ನಿಂತದ್ದು ಚಾವಿ, ಬಟಾಟೆ, ಪಗಾರ, ಇಗರ್ಜಿಯಂಥ ಬಿಡಿ ಪದಗಳು.

ತಪ್ಪು ಕಲ್ಪನೆ: ಉರ್ದು ಅಕ್ಷರದಲ್ಲಿ ಬರೆಯುವುದರಿಂದ ನವಾಯತಿ ಉರ್ದುವಿನ ಒಂದು ಬಗೆ.

ವಾಸ್ತವ: ಲಿಪಿ ಬೇರೆ, ಭಾಷೆ ಬೇರೆ. ಕೊಂಕಣಿಯನ್ನು ದೇವನಾಗರಿ, ಕನ್ನಡ, ರೋಮನ್ ಲಿಪಿಗಳಲ್ಲೂ ಬರೆಯುತ್ತಾರೆ. ಭಟ್ಕಳದಲ್ಲಿ 1976ರಲ್ಲಿ ಆರಂಭವಾದ 'ನಕ್ಷ್-ಎ-ನವಾಯತ್' ಪತ್ರಿಕೆಯ ಅಕ್ಷರ ಉರ್ದುವಿನದು; ಗಟ್ಟಿಯಾಗಿ ಓದಿದರೆ ಕೇಳಿಸುವುದು ಕೊಂಕಣಿಯದೇ ಒಂದು ಕವಲು.