ತಾವು ಕಾಣದ ಶಾಲೆಗೆ ತಾಯಿ

ಬೆಂದೂರಿನ ಸಂತ ಆಗ್ನೆಸ್ ಕಾಲೇಜಿನ ಹತ್ತಿರ ಬಸ್ಸಿಳಿದು ಓಣಿಯೊಂದಕ್ಕೆ ತಿರುಗಿದರೆ ಆ ನಿವೃತ್ತ ಟೀಚರ್ ಮನೆ. ವಯಸ್ಸು ಎಂಬತ್ತು ದಾಟಿದೆ. ನಾನು ಹೋದದ್ದು ಕಾನ್ವೆಂಟ್ ಶಾಲೆಗಳ ಹಳೆಯ ಕತೆ ಕೇಳಲು. ಅವರು ಮೊದಲು ತಂದಿಟ್ಟದ್ದು ಒಂದು ತಲೆದಿಂಬಿನ ಕವರು. ಬಿಳಿ ಬಟ್ಟೆ, ಮೂಲೆಯಲ್ಲಿ ನೀಲಿ ನೂಲಿನ ಸರಪಳಿ ಹೊಲಿಗೆಯ ಬಳ್ಳಿ. ಚಂದ ಉಂಟು ಎಂದೆ.

“ಅದಲ್ಲ ಮಾರಾಯ್ರೆ, ತಿರುಗಿಸಿ ನೋಡಿ.”

ಹಿಂಬದಿಯಲ್ಲಿ ಒಂದೇ ಒಂದು ಗಂಟಿಲ್ಲ. ನೂಲಿನ ತುದಿಯನ್ನು ಹೊಲಿಗೆಯೊಳಗೇ ತೂರಿಸಿ ಮುಗಿಸಿದ್ದಾರೆ. ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಹಾಕಿದ್ದು. ಸಿಸ್ಟರ್ ಮಾರ್ಕು ಕೊಡುತ್ತಿದ್ದದ್ದು ಹಿಂಬದಿ ನೋಡಿಯಂತೆ. ಗಂಟು ಕಂಡರೆ ಬಿಚ್ಚಿ ಮತ್ತೆ ಹೊಲಿಯಬೇಕು.

ಆ ಸಿಸ್ಟರುಗಳ ಸಂಸ್ಥೆಯ ಹೆಸರು ಅಪೋಸ್ತಲಿಕ್ ಕಾರ್ಮೆಲ್. ಮಂಗಳೂರಿನಲ್ಲಿ ಸಂತ ಆನ್ನರ ಶಾಲೆ, ಸಂತ ಆಗ್ನೆಸ್ ಕಾಲೇಜು ಗೊತ್ತಿಲ್ಲದವರು ಯಾರು? ಅವುಗಳ ಮೂಲದಲ್ಲಿರುವ ಹೆಂಗಸಿನ ಹೆಸರು ಹೇಳಿ ಎಂದರೆ ಮಾತ್ರ ಅಲ್ಲೇ ಕಲಿತವರೂ ತಡವರಿಸುತ್ತಾರೆ. ನನ್ನನ್ನು ಬೆಂದೂರಿಗೆ ಎಳೆದು ತಂದದ್ದು ಆ ಹೆಂಗಸೇ.

ಹುಟ್ಟು ಹೆಸರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ ಹುಟ್ಟಿದರು. ತಂದೆ ಹೆನ್ರಿ ಲೀವ್ಸ್ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ. ಬೈಬಲನ್ನು ಆಡುಗ್ರೀಕಿಗೆ ತರುವ ಕೆಲಸದಲ್ಲಿ ಮುಳುಗಿದ್ದವರು. ಇಂಥ ಮನೆಯ ಮಗಳು 1850ರಲ್ಲಿ, ಮಾಲ್ಟಾ ದ್ವೀಪದಲ್ಲಿ, ಕ್ಯಾಥೊಲಿಕ್ ಆಗಿಬಿಟ್ಟರು. ಇಂದು ನಮಗೆ ಇದು ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೋದಂತೆ ಕಾಣಬಹುದು. ಆ ಕಾಲದ ಇಂಗ್ಲಿಷ್ ಪಾದ್ರಿಯ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಮರುವರ್ಷ ಫ್ರೆಂಚ್ ಧರ್ಮಭಗಿನಿಯರ ಸಂಸ್ಥೆಯೊಂದನ್ನು ಸೇರಿ ವೆರೋನಿಕಾ ಆದರು.

1862ರಲ್ಲಿ ಅವರನ್ನು ಕಲ್ಲಿಕೋಟೆಗೆ ಕಳಿಸಿದರು. ಅಲ್ಲಿ ಹೆಣ್ಣುಮಕ್ಕಳ ಶಾಲೆ ಎದ್ದಿತು. ಈ ಕರಾವಳಿಯಲ್ಲೇ ಅವರಿಗೆ ಪರಿಚಯವಾದದ್ದು ಮರಿ ಎಫ್ರೆಮ್ ಎಂಬ ಫ್ರೆಂಚ್ ಕಾರ್ಮೆಲ್ ಪಾದ್ರಿ. ಇಲ್ಲಿಯ ಹುಡುಗಿಯರಿಗೆ ಪಾಠ ಹೇಳುವ ಕಾರ್ಮೆಲ್ ಸಿಸ್ಟರುಗಳು ಬೇಕು ಎನ್ನುವುದು ಅವರ ಹಂಬಲ. ತಮಾಷೆಯೆಂದರೆ ಕಾರ್ಮೆಲ್ ಮಠದ ಹೆಂಗಸರು ಹೊಸಿಲು ದಾಟುವವರೇ ಅಲ್ಲ. ಗೋಡೆಯೊಳಗೆ ಮೌನ, ಪ್ರಾರ್ಥನೆ, ಅಷ್ಟೆ. ಆ ಮೌನವನ್ನು ಬಿಡದೆ ಕರಿಹಲಗೆಯ ಮುಂದೆ ನಿಲ್ಲುವ ಸಂಸ್ಥೆಯೊಂದನ್ನು ಫ್ರಾನ್ಸಿಗೆ ಮರಳಿದ ವೆರೋನಿಕಾ 1868ರ ಜುಲೈ 16ರಂದು ಅಲ್ಲಿನ ಬಯೋನ್‌ನಲ್ಲಿ ಆರಂಭಿಸಿದರು.

1870ರಲ್ಲಿ ಮರಿ ಎಫ್ರೆಮ್ ಮಂಗಳೂರಿನ ಬಿಷಪ್ ಆದರು. ಅದೇ ವರ್ಷ ಫ್ರಾನ್ಸಿನ ಪೋ ಎಂಬ ಊರಿನ ಕಾರ್ಮೆಲ್ ಮಠದಿಂದ ಮಂಗಳೂರಿಗೆ ಹೊರಟ ತಂಡದಲ್ಲಿ ಮೂವರು ಇಲ್ಲಿಗೆ ಮುಟ್ಟುವ ಮೊದಲೇ ತೀರಿಕೊಂಡರು. ಉಳಿದವರಲ್ಲಿ ಗಲಿಲಾಯದ ಮರಿಯಂ ಬವಾರ್ದಿ ಎಂಬ ಅರಬ್ ಹುಡುಗಿ ಒಬ್ಬಳು. ಅವಳನ್ನು ಪೋ ಮಠಕ್ಕೆ ಕರೆದೊಯ್ದು ಸೇರಿಸಿದ್ದು ಇದೇ ವೆರೋನಿಕಾ. 1871ರ ನವೆಂಬರಿನಲ್ಲಿ ಮಂಗಳೂರಿನಲ್ಲಿ ವ್ರತ ಸ್ವೀಕರಿಸಿ, ಮರುವರ್ಷ ಫ್ರಾನ್ಸಿಗೆ ಮರಳಿದ ಆ ಹುಡುಗಿಯನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತಳೆಂದು ಘೋಷಿಸಿದರು. ನಮ್ಮ ಊರಿನ ಮಳೆಯಲ್ಲಿ ನೆನೆದವಳೊಬ್ಬಳು ಸಂತಳಾದಳು ಎನ್ನುವುದು ನನಗೆ ಈಗಲೂ ಸೋಜಿಗ.

ವೆರೋನಿಕಾ ತಯಾರು ಮಾಡಿದ ಮೂವರು ಸಿಸ್ಟರುಗಳು ಮಂಗಳೂರು ಮುಟ್ಟಿದ್ದು 1870ರ ನವೆಂಬರ್ 19ರಂದು. ಸಂತ ಆನ್ನರ ಕಾನ್ವೆಂಟ್ ಶುರುವಾದದ್ದು ಹಾಗೆ. ಬಾಸೆಲ್ ಮಿಶನ್‌ನವರು ಅದಕ್ಕೂ ಮೊದಲೇ ಇಲ್ಲಿ ಶಾಲೆ, ಅಚ್ಚುಕೂಟ ಇಟ್ಟವರು. ಆದ್ದರಿಂದ ಎಲ್ಲಕ್ಕೂ ಮೊದಲು ಎನ್ನುವಂತಿಲ್ಲ. ಆದರೆ ಗುಡ್ಡದ ಮೇಲಿನ ಸಂತ ಅಲೋಶಿಯಸ್ ಕಾಲೇಜು ಹುಟ್ಟಿದ್ದು 1880ರಲ್ಲಿ. ಕ್ಯಾಥೊಲಿಕ್ ಮನೆಯ ಅಕ್ಕತಂಗಿಯರಿಗೆ ಹತ್ತು ವರ್ಷ ಮೊದಲೇ ಶಾಲೆ ಸಿಕ್ಕಿತ್ತು.

1870 ಎಂಥ ವರ್ಷವೋ! ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಓಹಾಯೊದಿಂದ ಬಂದ ಮೆಥೊಡಿಸ್ಟ್ ಟೀಚರ್ ಇಸಬೆಲ್ಲಾ ಥೋಬರ್ನ್ ಲಕ್ನೋದ ಅಮೀನಾಬಾದ್ ಬಜಾರಿನ ಒಂದು ಕೋಣೆಯಲ್ಲಿ ಆರು ಹುಡುಗಿಯರಿಗೆ ಪಾಠ ಶುರು ಮಾಡಿದ್ದರು. ಬಾಗಿಲಲ್ಲಿ ದೊಣ್ಣೆ ಹಿಡಿದ ಹುಡುಗನೊಬ್ಬನ ಕಾವಲು. ಅದು ಬೆಳೆದು ಕಾಲೇಜಾಯಿತು, ಇಸಬೆಲ್ಲಾ 1901ರಲ್ಲಿ ಲಕ್ನೋದಲ್ಲೇ ಕಾಲರಾದಿಂದ ತೀರಿಕೊಂಡರು. ಕಾಲೇಜಿಗೆ ಅವರ ಹೆಸರೇ ಇದೆ.

ವೆರೋನಿಕಾರಿಗೆ ಆ ಭಾಗ್ಯವಿರಲಿಲ್ಲ. 1873ರಲ್ಲಿ ಬಿಷಪ್ ತೀರಿಕೊಂಡರು. ಅದೇ ವರ್ಷ ಬಯೋನ್‌ನ ಮನೆಯೂ ಮುಚ್ಚಿತು. ಬೇರು ಕಡಿದರೂ ಟಿಸಿಲು ಮಂಗಳೂರಿನಲ್ಲಿ ಚಿಗುರಿತು. ನೆಟ್ಟವರು ಮಾತ್ರ ಮರಳಿ ಭಾರತಕ್ಕೆ ಬರಲಿಲ್ಲ. ಮತ್ತೆ ಪೋ ಮಠದ ಗೋಡೆಯೊಳಗೆ ಹೋದರು, ನಡುವೆ ಬೆತ್ಲೆಹೇಮಿನ ಮಠದಲ್ಲಿದ್ದರು, 1906ರ ನವೆಂಬರಿನಲ್ಲಿ ಪೋದಲ್ಲೇ ಕಣ್ಣು ಮುಚ್ಚಿದರು. ಮಂಗಳೂರಿಗೆ ರೈಲು ಬಂದದ್ದು ಮರುವರ್ಷ. ಆಗ್ನೆಸ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯದಡಿ ಬಾಗಿಲು ತೆರೆದದ್ದು 1921ರಲ್ಲಿ. 2014ರಲ್ಲಿ ರೋಮ್ ವೆರೋನಿಕಾರನ್ನು ‘ಪೂಜ್ಯ’ರೆಂದು ಸಾರಿತು, ಸಂತ ಪದವಿಯ ಹಾದಿಯಲ್ಲಿ ಅದೊಂದು ಮೆಟ್ಟಿಲು. ಊರಿನಲ್ಲಿ ಅದು ಎಷ್ಟು ಜನರ ಕಿವಿಗೆ ಬಿತ್ತೋ.

ಟೀಚರ್ ಕತೆಯನ್ನು ಪೂರ್ತಿ ಕೇಳಿದರು. ಸಂಸ್ಥೆಯ ಕಿರುಹೊತ್ತಿಗೆಯಲ್ಲಿ ಫೋಟೊ ನೋಡಿದ್ದರಂತೆ, ಇಷ್ಟೆಲ್ಲ ಗೊತ್ತಿರಲಿಲ್ಲವಂತೆ. ಈಗ ಶಾಲೆಗಳಲ್ಲಿ ಹೊಲಿಗೆಗೆ ಪಿರಿಯಡ್ ಇಲ್ಲ, ಕನ್ನಡ ಮಾಧ್ಯಮಕ್ಕೆ ಮಕ್ಕಳಿಲ್ಲ ಎಂದು ಅಲ್ಲಿಗೇ ಮಾತು ಹೊರಳಿತು. ಕಾಫಿ ಮುಗಿಯುವಾಗ ಮತ್ತೆ ಕೇಳಿದರು, “ಆ ಪೋ ಎಲ್ಲಿ ಬರ್ತದೆ?”

ಮೊಬೈಲಿನಲ್ಲಿ ನಕ್ಷೆ ತೆರೆದು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಸಮುದ್ರ ಉಂಟಾ ಅಲ್ಲಿ?”

“ಇಲ್ಲ ಟೀಚರ್. ದೂರದಲ್ಲಿ ಹಿಮದ ಗುಡ್ಡ ಮಾತ್ರ.”

“ಪಾಪ” ಎಂದರು. ಕವರನ್ನು ನಾಲ್ಕಾಗಿ ಮಡಚಿದರು, ಹಿಂಬದಿ ಮೇಲೆ ಬರುವಂತೆ.