ತಿಂಗಳಿಗೊಂದು ದಡ

ಆಗಸ್ಟ್‌ನಲ್ಲಿ ಮುನಿರಾಬಾದಿಗೆ ಬಂದವರು ಸಮುದ್ರ ನೋಡಿದೆವು ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಬಂದವರು ಕುರಿ ಮೇಯುವ ಬಯಲು ನೋಡಿದೆವು ಎನ್ನುತ್ತಾರೆ. ಇಬ್ಬರು ಹೇಳುವುದೂ ನಿಜ. ಕೊಪ್ಪಳ ಜಿಲ್ಲೆಯ ಜನ ಟಿಬಿ ಡ್ಯಾಂ ಎಂದು ಕರೆಯುವ ತುಂಗಭದ್ರಾ ಜಲಾಶಯಕ್ಕೆ ಒಂದೇ ದಡವೆಂಬುದಿಲ್ಲ.

ಜಲಾಶಯ ನಿರ್ಮಾಣವಾದಾಗಿನ ಲೆಕ್ಕದಂತೆ, ತುಂಬಿದಾಗ ನೀರು ಹರಡುವುದು 378 ಚದರ ಕಿಲೋಮೀಟರಿಗೆ. ಆಗ ನೀರಿನ ಮಟ್ಟ 1,633 ಅಡಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 498 ಮೀಟರ್. ಆಲ್ಪ್ಸ್ ತಪ್ಪಲಿನ ಹೆಸರಾಂತ ಜಿನೀವಾ ಸರೋವರ ಇರುವುದು 372 ಮೀಟರ್ ಎತ್ತರದಲ್ಲಿ! ಆದರೆ ಆ ಸರೋವರದ ಗರಿಷ್ಠ ಆಳ 310 ಮೀಟರ್. ನಮ್ಮದರಲ್ಲಿ ಮೂಲ ಸಂಗ್ರಹ ಸಾಮರ್ಥ್ಯವನ್ನು ಹರವಿನಿಂದ ಭಾಗಿಸಿದರೆ ಸರಾಸರಿ ಆಳ ಹತ್ತು ಮೀಟರ್ ಮಾತ್ರ. ಸಮತಟ್ಟಾದ ಬಯಲಲ್ಲಿ ನಿಂತ ನೀರು ಇದು. ಹಾಗಾಗಿ ಮಟ್ಟ ಸ್ವಲ್ಪ ಇಳಿದರೂ ದಡ ದೂರ ಸರಿಯುತ್ತದೆ.

ಈ ನೀರು ಇಲ್ಲಿನ ಮಳೆಯದ್ದಲ್ಲ. ವರಾಹ ಪರ್ವತದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಒಂದಾಗುವ ತುಂಗೆ ಮತ್ತು ಭದ್ರೆ ಮಲೆನಾಡಿನ ಮುಂಗಾರನ್ನು ಹೊತ್ತು ತರುತ್ತವೆ. ಕೊಪ್ಪಳದಲ್ಲಿ ಮೋಡವೇ ಇಲ್ಲದ ದಿನವೂ ಒಳಹರಿವು ಏರುತ್ತಿರುತ್ತದೆ.

ಅಣೆಕಟ್ಟಿನ ಕಲ್ಪನೆಯನ್ನು 1860ರಲ್ಲೇ ಮುಂದಿಟ್ಟವರು ಎಂಜಿನಿಯರ್ ಆರ್ಥರ್ ಕಾಟನ್. ನದಿಯೇ ಗಡಿಯಾಗಿದ್ದ ಕಾಲ; ಎಡದಂಡೆ ಹೈದರಾಬಾದ್ ನಿಜಾಮರದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. 1945ರ ಫೆಬ್ರುವರಿ 28ರಂದು ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ಎರಡು ಸರ್ಕಾರಗಳು ತಮ್ಮ ತಮ್ಮ ಬದಿಯಿಂದ ಕಟ್ಟುತ್ತ ಬಂದವು. ನಡುವೆ ನಿಜಾಮರ ಆಳ್ವಿಕೆಯೇ ಇಲ್ಲವಾದರೂ ಕೆಲಸ ನಿಲ್ಲದೆ, 1953ರಲ್ಲಿ ನೀರು ನಿಂತಿತು. 49 ಮೀಟರ್ ಎತ್ತರದ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಈ ಗೋಡೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ-ಸುರ್ಕಿಯ ಗಾರೆ. ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು.

ಪ್ರವಾಸಿಗರಿಗೆ ದೊಡ್ಡ ಆಕರ್ಷಣೆ 33 ಕ್ರಸ್ಟ್ ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯದ ಮೇಲಿನ 20 ಅಡಿ ನೀರು ಇವುಗಳ ಆಸರೆಯಲ್ಲೇ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಇದರ ಅರ್ಥ ಎಲ್ಲರಿಗೂ ತಿಳಿಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಂತೆಯೇ, ವಾರದೊಳಗೆ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆ) ಇಳಿಸಿ ಬೆಳೆಗೆ ಬೇಕಾದ ನೀರನ್ನು ಉಳಿಸಲಾಯಿತು.

ಮಳೆಗಾಲದ ಗದ್ದಲ ಮುಗಿದ ಮೇಲೆ ಬರುವವರಿಗೆ ಬೇರೆಯದೇ ಜಲಾಶಯ ಸಿಗುತ್ತದೆ. ಚಳಿಗಾಲದಲ್ಲಿ ನೀರು ಹಿಂದೆ ಸರಿದ ಕೆಸರಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ, ರಾಜಹಂಸಗಳೂ ಕಾಣುತ್ತವೆ. ಅಣೆಕಟ್ಟಿನ ಕೆಳಗೆ ಕಂಪ್ಲಿವರೆಗಿನ 34 ಕಿಲೋಮೀಟರ್ ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ತಾಳ್ಮೆಯಿದ್ದವರಿಗೆ ಮುಂಜಾನೆ ಬಂಡೆಗಳ ಸಂದಿಯಲ್ಲಿ ಅವುಗಳ ಹಿಂಡು ಕಂಡೀತು.

ಗುಡ್ಡಗಳ ನಡುವೆ ನೀರು ನೋಡಬೇಕೆಂಬ ಆಸೆಯಿದ್ದರೆ ಗಂಗಾವತಿ ತಾಲ್ಲೂಕಿನ ಸಾಣಾಪುರಕ್ಕೆ ಹೋಗಬೇಕು. ಜಲಾಶಯದ ಎಡದಂಡೆ ನಾಲೆಯ ನೀರು ತುಂಬುವ ಕೆರೆ ಅದು. ಸುತ್ತ ಒಂದರ ಮೇಲೊಂದು ಕುಳಿತ ಬಂಡೆಗಳು, ನೀರಲ್ಲಿ ಗಿರಕಿ ಹೊಡೆಯುವ ಹರಿಗೋಲು. ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿ ಅದೇ ದಾರಿಯಲ್ಲಿವೆ. ಬಂಡೆಯಿಂದ ನೀರಿಗೆ ಹಾರುವ ಹುಚ್ಚು ಮಾತ್ರ ಬೇಡ. ಈ ಭಾಗದಲ್ಲಿ ಅದು ಜೀವ ತೆಗೆದಿದೆ.

ಗಂಗಾವತಿ ಭತ್ತದ ಕಣಜವಾದದ್ದು 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆಯಿಂದ. ಅದಕ್ಕೆ ಯಾವಾಗ ನೀರು ಬಿಡಬೇಕೆಂದು ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆ ತೀರ್ಮಾನಿಸುವವರೆಗೆ ಇಲ್ಲಿನ ರೈತ ಸಸಿ ಮಡಿಯ ಮಾತೆತ್ತುವುದಿಲ್ಲ. ನಾಲೆಗಿಂತ ಎತ್ತರದಲ್ಲಿರುವ ಕುಷ್ಟಗಿ, ಯಲಬುರ್ಗಾಗಳಿಗೆ ಅದೇ ನೀರು ತಾನಾಗಿ ಹರಿಯದು. ಅಲ್ಲಿ ಮುಗಿಲು ನೋಡಿ ಜೋಳ, ಕಡಲೆ ಬಿತ್ತುತ್ತಾರೆ. ಏತ ನೀರಾವರಿಗೆ ಕಾಯುತ್ತಾರೆ. ಇತ್ತ ಹೂಳು ತುಂಬಿ, 133 ಟಿಎಂಸಿ ಅಡಿಯಷ್ಟಿದ್ದ ಸಾಮರ್ಥ್ಯ ಈಗ 105.788ಕ್ಕೆ ಇಳಿದಿದೆ. ಕಳೆದುಕೊಂಡ ನೀರನ್ನು ಹಿಡಿಯಲು ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವಿದೆ.

ಹುಬ್ಬಳ್ಳಿ–ಹೊಸಪೇಟೆ ರೈಲು ಮಾರ್ಗದಲ್ಲೇ ಮುನಿರಾಬಾದ್ ನಿಲ್ದಾಣವಿದೆ. ಕುಷ್ಟಗಿ ಕಡೆಯವರಿಗೆ ರಾಷ್ಟ್ರೀಯ ಹೆದ್ದಾರಿ 50 ನೇರ ದಾರಿ. ಹತ್ತಿರದಲ್ಲೇ ಪಂಪಾವನ ಉದ್ಯಾನ, ಹುಲಿಗಿಯ ಹುಲಿಗೆಮ್ಮ ದೇವಸ್ಥಾನ. ಮಕ್ಕಳನ್ನು ಕರೆತರುವವರು ಗೇಟು ತೆರೆದಾಗ ಬನ್ನಿ, ಹಕ್ಕಿ ನೋಡುವವರು ಜನವರಿಯಲ್ಲಿ ಬನ್ನಿ. ನೀರಿನ ಬೆಲೆ ತಿಳಿಯಬೇಕೆನ್ನುವವರು ಬೇಸಿಗೆಯಲ್ಲಿ ಕುಷ್ಟಗಿ ದಾಟಿಕೊಂಡೇ ಬನ್ನಿ.